ಹಸುವೋ, ಮಂಚವೋ?

ಪ್ರಶ್ನೆ: ನನಗೆ 37 ವರ್ಷ. ಸಾಗರ ತಾಲ್ಲೂಕಿನವಳು. ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಗಂಡ, ಅತ್ತೆ, ನಾಲ್ಕನೇ ಕ್ಲಾಸಿನ ಮಗಳು. ಮನೆಯಲ್ಲಿ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ನನ್ನ ಸಮಸ್ಯೆ ಓದಿದರೆ ನಿಮಗೆ ನಗು ಬರಬಹುದು.

ಏಳನೇ ಕ್ಲಾಸಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಹಸುವಿನ ಚಿತ್ರ ಬರೆಯಲು ಹೇಳಿದ್ದರು. ನನ್ನ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ‘ಇದು ಹಸುವೋ ಮಂಚವೋ? ಹಾಸಿಗೆ ಹಾಸಿದರೆ ಮಲಗಬಹುದು’ ಅಂದರು. ಇಡೀ ಕ್ಲಾಸು ನಕ್ಕಿತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನ ಅಡ್ಡಹೆಸರು ‘ಮಂಚ’. ‘ಚಿತ್ರ ಎಲ್ಲರ ಕೈಗೂ ಒಲಿಯೋದಲ್ಲ, ನೀನು ಓದೋದು ನೋಡ್ಕೋ’ ಎಂದು ಮೇಷ್ಟ್ರು ಆಮೇಲೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ಪಿಯುಸಿ ಆದ ಮೇಲೆ ಚಿತ್ರಕಲೆ ಕಲಿಯುತ್ತೇನೆ ಎಂದು ಒಮ್ಮೆ ಬಾಯಿಬಿಟ್ಟೆ. ‘ಅಂಗಡಿ ಬೋರ್ಡ್ ಬರೆಯೋಕೆ ಹೋಗ್ತೀಯಾ?’ ಎಂದರು ಅಪ್ಪ. ಬಿ.ಕಾಂ. ಮಾಡಿದೆ.

ಲಾಕ್‌ಡೌನ್ ಹೊತ್ತಿನಲ್ಲಿ ಮಗಳ ಪೆನ್ಸಿಲ್ ತೆಗೆದುಕೊಂಡು ಮತ್ತೆ ಶುರು ಮಾಡಿದೆ. ಯೂಟ್ಯೂಬ್ ನೋಡಿ ಕಲಿತೆ. ಫೋಟೋ ಮುಂದಿಟ್ಟುಕೊಂಡು ಥೇಟ್ ಹಾಗೇ ಬರಬೇಕೆಂದು ಮುಖಗಳನ್ನು ಬರೆಯುತ್ತೇನೆ. ಪುನೀತ್ ತೀರಿಕೊಂಡ ವಾರ ಅವರ ಚಿತ್ರ ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ‘ಚೆನ್ನಾಗಿದೆ, ಯಾರಿದು?’ ಎಂದು ಕೇಳಿದರು ನನ್ನ ಅತ್ತಿಗೆ. ತಕ್ಷಣ ಅಳಿಸಿದೆ. ಈಗ ಎಲ್ಲರೂ ಮಲಗಿದ ಮೇಲೆ ಬರೆಯುತ್ತೇನೆ, ಸರಿ ಬರಲಿಲ್ಲವೆಂದು ಹರಿಯುತ್ತೇನೆ. ಹರಿದ ದಿನ ನಿದ್ದೆ ಬರುವುದಿಲ್ಲ. ನನ್ನ ಅಜ್ಜಿ ಭೂಮಿ ಹುಣ್ಣಿಮೆಗೆ ಬೂಮಣ್ಣಿ ಬುಟ್ಟಿಯ ಮೇಲೆ ಎಷ್ಟು ಚಂದ ಚಿತ್ತಾರ ಬರೆಯುತ್ತಿದ್ದಳು, ಒಂದು ಗೆರೆ ಅಲುಗುತ್ತಿರಲಿಲ್ಲ; ಅದು ನನಗೆ ಬರಲಿಲ್ಲ. ಮೊನ್ನೆ ಮಗಳೂ ‘ನಂಗೆ ಡ್ರಾಯಿಂಗ್ ಬರಲ್ಲಮ್ಮ’ ಎಂದು ಪುಸ್ತಕ ಮುಚ್ಚಿಟ್ಟಳು. ನಮ್ಮ ರಕ್ತದಲ್ಲೇ ಇಲ್ಲವೇನೋ.

ಮೇಷ್ಟ್ರು ಹೇಳಿದ್ದು ನಿಜವಿರಬಹುದೆ? ಈ ವಯಸ್ಸಿನಲ್ಲಿ ಯಾರ ಹತ್ತಿರವೂ ಕಲಿಯದೆ ಕಲಾವಿದೆಯಾಗಲು ಸಾಧ್ಯವೆ? ಕೆಲಸ ಬಿಟ್ಟು ಪೂರ್ತಿ ಇದರಲ್ಲೇ ತೊಡಗಬೇಕೆ? ಬೆಂಗಳೂರಿನ ಚಿತ್ರಸಂತೆಯಲ್ಲಿ ನನ್ನಂಥವರು ಕೂರಬಹುದೆ?

ಉತ್ತರ: ನಗು ಬಂದದ್ದು ‘ಯಾರಿದು?’ ಎಂಬಲ್ಲಿ ಮಾತ್ರ. ಅದನ್ನು ಹಾಗೆ ಬರೆಯಬಲ್ಲ ನಿಮಗೂ ಒಳಗೊಳಗೇ ಸ್ವಲ್ಪ ನಗು ಇದ್ದಿರಬೇಕು, ಇಲ್ಲದಿದ್ದರೆ ಆ ಪ್ರಶ್ನೆಚಿಹ್ನೆಯನ್ನು ಅಷ್ಟು ಸರಿಯಾದ ಜಾಗದಲ್ಲಿ ಇಡುತ್ತಿರಲಿಲ್ಲ.

ಮೊದಲು ಹಸುವಿನ ಮಾತು. ನಿಮ್ಮ ಹಸು ಮಂಚದ ಹಾಗೆಯೇ ಇದ್ದಿರಬಹುದು. ಮೇಷ್ಟ್ರು ಸುಳ್ಳು ಹೇಳಿದರು, ನಿಮ್ಮ ಚಿತ್ರ ಅದ್ಭುತವಾಗಿತ್ತು ಎಂದು ಸಮಾಧಾನ ಮಾಡಲು ನನಗೆ ಮನಸ್ಸಿಲ್ಲ. ಆ ವಯಸ್ಸಿನ ಬಹಳ ಮಕ್ಕಳು ಹಸುವನ್ನು ಬರೆಯುವುದೇ ಹಾಗೆ: ಉದ್ದನೆಯ ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ಕಾಲು, ಎಲ್ಲ ಕಾಲೂ ಒಂದೇ ಉದ್ದ, ಎಲ್ಲವೂ ಕಂಬದ ಹಾಗೆ ನೆಟ್ಟಗೆ. ಮಗು ಬರೆಯುವುದು ಕಂಡದ್ದನ್ನಲ್ಲ, ತಿಳಿದದ್ದನ್ನು. ಹಸುವಿಗೆ ನಾಲ್ಕು ಕಾಲು ಎಂದು ಅದಕ್ಕೆ ಗೊತ್ತು; ಒಂದು ಕಾಲನ್ನು ಮರೆಮಾಡಿದರೆ ಹಸು ಕುಂಟಾದೀತೆಂಬ ಭಯ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಕ 1947ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಮಕ್ಕಳ ಚಿತ್ರಗಳು ದಾಟುವ ಹಂತಗಳನ್ನು ಗುರುತಿಸಿದ್ದಾನೆ. ಗೀಚುವುದು, ಆಮೇಲೆ ಗುರುತಿನ ಚಿತ್ರಗಳು, ಒಂಬತ್ತರಿಂದ ಹನ್ನೆರಡರ ನಡುವೆ ‘ಇದು ನಿಜವಾದದ್ದರ ಹಾಗಿಲ್ಲ’ ಎಂಬ ಅರಿವು. ಕಣ್ಣು ಮುಂದೆ ಹೋಗಿರುತ್ತದೆ, ಕೈ ಹಿಂದೆ ಉಳಿದಿರುತ್ತದೆ. ಅಷ್ಟು ಹೊತ್ತು ಮಗುವಿಗೆ ತನ್ನ ಚಿತ್ರವೇ ಸೇರುವುದಿಲ್ಲ. ಬಹಳ ಮಂದಿ ಪೆನ್ಸಿಲ್ ಕೆಳಗಿಡುವುದು ಇಲ್ಲಿಯೇ. ದೊಡ್ಡವರಾದ ಮೇಲೂ ಅವರ ಚಿತ್ರ ಹನ್ನೆರಡು ವರ್ಷದವರ ಚಿತ್ರದಂತೆಯೇ ಇರುತ್ತದೆ. ಪ್ರತಿಭೆ ಇಲ್ಲದ್ದು ಇದಕ್ಕೆ ಕಾರಣವಲ್ಲ, ಅವರು ಅಲ್ಲಿಗೇ ನಿಲ್ಲಿಸಿದ್ದರು ಅಷ್ಟೆ. ನಿಮ್ಮ ಮಗಳು ಪುಸ್ತಕ ಮುಚ್ಚಿಟ್ಟದ್ದೂ ಈ ಕಾರಣಕ್ಕೇ. ಅದಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಂದರೆ ಆ ದಿನ ಮೇಷ್ಟ್ರ ಕೈಯಲ್ಲಿ ಒಳ್ಳೆಯ ಪಾಠವೊಂದು ಸಿದ್ಧವಾಗಿತ್ತು. ‘ಹೋಗಿ ಕೊಟ್ಟಿಗೆಯಲ್ಲಿ ನೋಡಿ ಬಾ, ಹಿಂಗಾಲು ಮುಂಗಾಲಿನ ಹಾಗೆ ಮಡಿಯುತ್ತದೆಯೋ ಬೇರೆ ಥರವೋ’ ಎಂದಿದ್ದರೆ ಸಾಕಿತ್ತು. ನಿಮ್ಮ ಕಡೆಯ ಮಲೆನಾಡು ಗಿಡ್ಡವನ್ನು ಪಕ್ಕದಿಂದ ನೋಡಿದ ಯಾವ ಮಗುವೂ ಆಮೇಲೆ ಅದಕ್ಕೆ ಮಂಚದ ಕಾಲು ಹಚ್ಚುವುದಿಲ್ಲ. ಅವರು ಚಿತ್ರವನ್ನು ತಿದ್ದಲಿಲ್ಲ, ನಿಮ್ಮನ್ನು ತೂಗಿದರು. ಅದೂ ಎಲ್ಲರೆದುರು. ಐವತ್ತು ಅರವತ್ತು ಮಕ್ಕಳ ತರಗತಿ, ವಾರಕ್ಕೆ ಒಂದೋ ಎರಡೋ ಪೀರಿಯಡ್ಡು, ಅದನ್ನೂ ಗಣಿತದವರು ಕಿತ್ತುಕೊಳ್ಳುತ್ತಿದ್ದ ಕಾಲ. ಮಕ್ಕಳನ್ನು ನಗಿಸಿ ಹಿಡಿದಿಡುವುದು ಸುಲಭದ ದಾರಿ. ಅವರನ್ನು ರಾಕ್ಷಸ ಮಾಡಬೇಕಾಗಿಲ್ಲ, ಗುರು ಎಂದು ಕ್ಷಮಿಸಿಯೂ ಬಿಡಬೇಕಾಗಿಲ್ಲ. ಅವರು ಹೇಳಿದ್ದು ಒಂದು ಮಧ್ಯಾಹ್ನದ ಒಂದು ಚಿತ್ರದ ಬಗ್ಗೆ. ಅದು 37 ವರ್ಷದ ನಿಮ್ಮ ಕೈಯ ಬಗ್ಗೆ ಏನನ್ನೂ ಹೇಳಲಾರದು.

ಇಷ್ಟನ್ನು ನಿಮ್ಮ ಬುದ್ಧಿ ಒಪ್ಪುತ್ತದೆಂದು ಗೊತ್ತು. ತೊಡಕಿರುವುದು ಬೇರೆ ಕಡೆ. ನೀವು ಈಗ ಏನು ಬರೆಯುತ್ತಿದ್ದೀರಿ ನೋಡಿ: ಫೋಟೋ, ಥೇಟ್ ಫೋಟೋದ ಹಾಗೆ. ಈ ಥರದ ಚಿತ್ರದಲ್ಲಿ ಸರಿ ತಪ್ಪು ಎನ್ನುವುದು ಪಕ್ಕದಲ್ಲೇ ಕೂತಿರುತ್ತದೆ. ಯಾರು ಬೇಕಾದರೂ ಹೋಲಿಸಿ ತೀರ್ಪು ಕೊಡಬಹುದು. ಅದು ಆ ಮೇಷ್ಟ್ರ ಅಳತೆಗೋಲು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನೀವು ಒಬ್ಬರೇ ಕೂರುವುದಿಲ್ಲ, ಅವರನ್ನೂ ಕೂರಿಸಿಕೊಳ್ಳುತ್ತೀರಿ. ಅವರು ಹಾಳೆ ಎತ್ತಿ ಹಿಡಿಯುವ ಮೊದಲೇ ನೀವು ಹರಿದುಬಿಡುತ್ತೀರಿ. ಇಪ್ಪತ್ತೈದು ವರ್ಷದ ಹಿಂದಿನ ಮಾತನ್ನು ಸುಳ್ಳುಮಾಡಲು ಚಿತ್ರ ಬರೆಯುವವರು ಎಷ್ಟು ಚೆನ್ನಾಗಿ ಬರೆದರೂ ಆ ಮಾತಿನ ಬಾಕಿ ತೀರುವುದಿಲ್ಲ. ಸಾಲದ ಬಡ್ಡಿ ಹೇಗೆ ಬೆಳೆಯುತ್ತದೆಂದು ಸಹಕಾರ ಸಂಘದಲ್ಲಿರುವ ನಿಮಗೆ ನಾನು ಹೇಳಬೇಕೆ? ಆದ್ದರಿಂದ ‘ಮೇಷ್ಟ್ರು ಹೇಳಿದ್ದು ನಿಜವೇ’ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವನ್ನೇ ಬಿಡಿ ಎನ್ನುತ್ತೇನೆ. ಸುಳ್ಳೆಂದು ಸಾಬೀತಾಗಲಿ ಎಂದೂ ಬರೆಯಬೇಡಿ.

ಇಂಥ ಪತ್ರಗಳಿಗೆ ಉತ್ತರಿಸುವವರು ಸಾಮಾನ್ಯವಾಗಿ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರ ಕಥೆ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ಪೂರ್ತಿ ಹೇಳುತ್ತೇನೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ಹೈಸ್ಕೂಲು ಮುಗಿಸಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ನಮ್ಮಲ್ಲಿ ಸೇರಲು ಬೇಕಾದ ಪ್ರತಿಭೆ ನಿಮ್ಮ ಚಿತ್ರಗಳಲ್ಲಿ ಇಲ್ಲ ಎಂದು ಅಲ್ಲಿಂದ ಉತ್ತರ ಬಂತು. ಅವರು ಮೈಸೂರಿನಲ್ಲೇ ಉಳಿದು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. ಓದುತ್ತಲೇ ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು, ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಬರೆದರು. ಆಮೇಲೆ ಮುಂಬಯಿ, ಟೈಮ್ಸ್ ಆಫ್ ಇಂಡಿಯಾ, 1951ರಿಂದ ಚೌಕಳಿ ಕೋಟಿನ ಆ ಜನಸಾಮಾನ್ಯ, 1984ರಲ್ಲಿ ಮ್ಯಾಗ್ಸೆಸೆ. ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸಿ ‘ನೋಡಿ’ ಎನ್ನುತ್ತಾರೆ.

ನಾನು ನೋಡುವುದು ಬೇರೆ ಎರಡು ಸಂಗತಿಗಳನ್ನು. ಜೆ.ಜೆ. ಕಲಾಶಾಲೆಯಿಂದ ಅಂಥ ಪತ್ರ ಬಂದದ್ದು ಲಕ್ಷ್ಮಣರೊಬ್ಬರಿಗೇ ಅಲ್ಲ. ಉಳಿದವರ ಹೆಸರು ನಮಗೆ ಗೊತ್ತಿಲ್ಲ. ತಿರಸ್ಕಾರವಾದದ್ದೇ ಪ್ರತಿಭೆಗೆ ಪುರಾವೆ ಎಂದುಕೊಳ್ಳುವುದು, ತಿರಸ್ಕಾರವೇ ಕೊನೆ ಎಂದುಕೊಳ್ಳುವಷ್ಟೇ ತಪ್ಪು ಲೆಕ್ಕ. ಎರಡನೆಯದು, ಲಕ್ಷ್ಮಣರ ಮನೆ. ಅಪ್ಪ ಹೆಡ್‌ಮಾಸ್ಟರು, ಅಣ್ಣ ಲೇಖಕ, ಮನೆ ತುಂಬ ಇಂಗ್ಲಿಷ್ ಪತ್ರಿಕೆಗಳು. ಓದಲು ಬರುವ ಮೊದಲೇ ಅವರು ಆ ಪುಟಗಳ ಚಿತ್ರ ನೋಡುತ್ತಿದ್ದರು. ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರನ ಸಹಿಯನ್ನು ಬಹಳ ಕಾಲ ‘ಕೌ’ ಎಂದೇ ಓದಿಕೊಂಡಿದ್ದರಂತೆ. (ನಿಮ್ಮ ಹಸು ಮಂಚವಾಯಿತು, ಅವರಿಗೆ ಮನುಷ್ಯನೊಬ್ಬ ಹಸುವಾಗಿದ್ದ.) ಅವರ ಬಾಲ್ಯದ ಇನ್ನೊಂದು ಘಟನೆ ನಿಮ್ಮದರ ಪಕ್ಕ ಇಟ್ಟು ನೋಡಬೇಕಾದದ್ದು. ಶಾಲೆಯಲ್ಲಿ ಮೇಷ್ಟ್ರು ಎಲೆಯೊಂದನ್ನು ಬರೆಯಲು ಹೇಳಿದರು, ಲಕ್ಷ್ಮಣ್ ಅರಳಿ ಎಲೆ ಬರೆದರು, ಮೇಷ್ಟ್ರು ಮೆಚ್ಚಿಕೊಂಡರು. ತಾನು ಚಿತ್ರಕಾರನಾಗುತ್ತೇನೆ ಎಂದು ಹುಡುಗ ಅಂದುಕೊಳ್ಳತೊಡಗಿದ. ಒಂದು ಅರಳಿ ಎಲೆ ನೋಡಿ ಮುಂದೆ ಐದು ದಶಕ ದೇಶವನ್ನು ನಗಿಸುವವನು ಇವನೇ ಎಂದು ಆ ಮೇಷ್ಟ್ರಿಗೆ ಗೊತ್ತಾಗಿತ್ತೆ? ಇಲ್ಲ. ಭವಿಷ್ಯವಾಣಿಯಾಗಿ ಆ ಹೊಗಳಿಕೆಗೆ ನಿಮ್ಮ ಮೇಷ್ಟ್ರ ತೆಗಳಿಕೆಗಿಂತ ಹೆಚ್ಚಿನ ಬೆಲೆಯೇನೂ ಇರಲಿಲ್ಲ. ಆದರೆ ಅದು ಹುಡುಗನನ್ನು ಮತ್ತೆ ಕಾಗದದ ಮುಂದೆ ಕೂರಿಸಿತು. ಅವರು ಕಿಟಕಿಯಾಚೆಗಿನ ಕೊಂಬೆ, ಒಣ ಎಲೆ, ಹಲ್ಲಿ, ಕಾಗೆ ಎಂದು ಬರೆಯುತ್ತಲೇ ಹೋದರು. ಕಲಾಶಾಲೆಯ ಪತ್ರ ಬರುವಷ್ಟರಲ್ಲಿ ಬರೆಯುವುದು ಅಭ್ಯಾಸವಾಗಿತ್ತು, ಹಾಗಾಗಿ ಆ ಪತ್ರಕ್ಕೆ ಅದನ್ನು ನಿಲ್ಲಿಸುವ ಶಕ್ತಿ ಇರಲಿಲ್ಲ. ನಿಮಗೆ ಮೇಷ್ಟ್ರ ಮಾತು ಬಂದದ್ದು ಅಭ್ಯಾಸ ಊರುವ ಮೊದಲು. ವ್ಯತ್ಯಾಸ ಇಷ್ಟು. ಇದು ದೊಡ್ಡ ವ್ಯತ್ಯಾಸ, ಆದರೆ ಹಣೆಬರಹವಲ್ಲ.

ವಯಸ್ಸಿನ ಮಾತಿಗೆ ಉದಾಹರಣೆ ಬೇಕಿದ್ದರೆ ನಿಮ್ಮ ಹಾಗೆಯೇ ಗುಮಾಸ್ತಿಕೆ ಮಾಡಿದ ಒಬ್ಬನಿದ್ದಾನೆ. ಪ್ಯಾರಿಸ್ಸಿನ ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದ ಹೆನ್ರಿ ರೂಸೋ. ಕಲಾಶಾಲೆಯಲ್ಲಿ ಕಲಿತವನಲ್ಲ, ನಲವತ್ತರ ಆಸುಪಾಸಿನಲ್ಲಿ ಚಿತ್ರವನ್ನು ಗಂಭೀರವಾಗಿ ಹಿಡಿದವನು. 1886ರಲ್ಲಿ, ತೀರ್ಪುಗಾರರೇ ಇಲ್ಲದ ಒಂದು ಪ್ರದರ್ಶನದಲ್ಲಿ ಚಿತ್ರ ಇಟ್ಟ, ಜನ ನಕ್ಕರು, ಮರುವರ್ಷಗಳಲ್ಲೂ ಇಟ್ಟ. ಫ್ರಾನ್ಸ್ ಬಿಟ್ಟು ಎಲ್ಲೂ ಹೋಗದವನು ಪ್ಯಾರಿಸ್ಸಿನ ಸಸ್ಯೋದ್ಯಾನದಲ್ಲಿ ಅಡ್ಡಾಡಿ ಹುಲಿ, ಸಿಂಹ, ದಟ್ಟ ಕಾಡುಗಳ ಚಿತ್ರ ಬರೆದ. ನನಗೆ ಇಷ್ಟವಾಗುವ ವಿಷಯ ಏನೆಂದರೆ, ಅವನ ಆಸೆ ಆ ಕಾಲದ ಅಕಾಡೆಮಿ ಚಿತ್ರಕಾರರ ಹಾಗೆ ನುಣ್ಣಗೆ, ಥೇಟ್ ನಿಜದಂತೆ ಬರೆಯುವುದಾಗಿತ್ತು. ಅದು ಅವನಿಗೆ ಕೊನೆಗೂ ಸಿದ್ಧಿಸಲಿಲ್ಲ. ಹಾಗೆ ಸಿದ್ಧಿಸದೆ ಕೈಗೆ ಬಂದ ಬಿಗಿ ಗೆರೆ, ಗಟ್ಟಿ ಎಲೆಗಳನ್ನೇ ಪಿಕಾಸೋನಂಥವರು ಮೆಚ್ಚಿದರು. ಇಂದು ಮ್ಯೂಸಿಯಮ್ಮುಗಳಲ್ಲಿ ಜನ ನೋಡುತ್ತಿರುವುದೂ ಅದನ್ನೇ.

ಈಗ ನಿಮ್ಮ ಅಜ್ಜಿ. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ ವಾಕ್ಯ ಅದು, ನೀವು ಅದನ್ನು ನಿಮ್ಮ ಸೋಲಿನ ಪಟ್ಟಿಗೆ ಸೇರಿಸಿಬಿಟ್ಟಿದ್ದೀರಿ. ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆದ ಆ ಗೆರೆಗಳ ಮುಂದೆ ಯಾರೂ ‘ಇದು ಹಸುವೋ’ ಎಂದು ಕೇಳಲಿಲ್ಲ. ಅಜ್ಜಿಗೂ ‘ನನಗೆ ಪ್ರತಿಭೆ ಇದೆಯೇ’ ಎಂಬ ಪ್ರಶ್ನೆ ಬಂದಿರಲಾರದು. ಹಬ್ಬ ಬಂತು, ಬುಟ್ಟಿ ಆಗಬೇಕು, ಬರೆದಳು. ಮರುವರ್ಷ ಮತ್ತೆ ಬರೆದಳು. ಗೆರೆ ಅಲುಗದಿರಲು ಎಷ್ಟು ಹುಣ್ಣಿಮೆ ಬೇಕಾಯಿತೋ. ಅವಳ ಮೊದಲ ಬುಟ್ಟಿಯನ್ನು ನೀವು ನೋಡಿಲ್ಲ ಎಂಬುದನ್ನು ನೆನಪಿಡಿ. ನೀವೂ ಚಿತ್ತಾರಕ್ಕೇ ಮರಳಿ ಎಂದು ನಾನು ಹೇಳುತ್ತಿಲ್ಲ. ಈಗ ಅದಕ್ಕೂ ಮಾರುಕಟ್ಟೆ ಬಂದಿದೆ, ‘ನಿಮ್ಮದು ಜನಪದ, ಅದನ್ನೇ ಮಾಡಿ’ ಎನ್ನುವವರು ಸಿಗುತ್ತಾರೆ; ಅದೂ ಇನ್ನೊಬ್ಬರ ಅಳತೆಗೋಲೇ. ಆದರೆ ತೀರ್ಪಿಲ್ಲದೆ ಬರೆಯುವ ಒಂದು ಕ್ರಮ ನಿಮ್ಮ ಮನೆಯ ಜಗಲಿಯಲ್ಲೇ ಇತ್ತು. ಅದು ಬೇಕಾದರೆ ನಿಮ್ಮದು.

ಇನ್ನು ಕೆಲಸದ ಮಾತು. ಮೂರು ತಿಂಗಳು ಫೋಟೋ ನೋಡಿ ಬರೆಯುವುದನ್ನು ನಿಲ್ಲಿಸಿ. ಅದು ಕೆಟ್ಟದ್ದೆಂದಲ್ಲ, ತಾಳ್ಮೆಯನ್ನೂ ನೆರಳು ಬೆಳಕಿನ ಮಟ್ಟಗಳನ್ನೂ ಕಲಿಸುತ್ತದೆ. ಆದರೆ ಮೂರು ಆಯಾಮದ ಲೋಕವನ್ನು ಎರಡಕ್ಕೆ ಇಳಿಸುವ ಕಷ್ಟದ ಕೆಲಸವನ್ನು ಕ್ಯಾಮೆರಾ ಆಗಲೇ ಮುಗಿಸಿರುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಆಯ್ಕೆಯೂ ಅಲ್ಲಿ ನಿಮ್ಮದಲ್ಲ. ಅದರಲ್ಲೂ ನೀವು ಆರಿಸಿಕೊಂಡದ್ದು ಮುಖ. ಮನುಷ್ಯರ ಮಿದುಳು ಮುಖಗಳನ್ನು ಗುರುತಿಸುವುದರಲ್ಲಿ ಮಹಾ ಚುರುಕು. ಹಲಸಿನ ಮರದ ಕೊಂಬೆ ಒಂದಿಂಚು ಆಚೀಚೆಯಾದರೆ ಯಾರಿಗೂ ತಿಳಿಯುವುದಿಲ್ಲ, ಕಣ್ಣಿನ ತುದಿ ಒಂದು ಕೂದಲೆಳೆ ಸರಿದರೆ ಪುನೀತ್ ಬೇರೆ ಯಾರೋ ಆಗಿಬಿಡುತ್ತಾರೆ. ಇಡೀ ಕರ್ನಾಟಕಕ್ಕೆ ಬಾಯಿಪಾಠವಾಗಿರುವ ಮುಖವನ್ನು ಮೊದಲ ಪರೀಕ್ಷೆಗೆ ತೆಗೆದುಕೊಂಡಿರಿ. ನಿಮ್ಮ ಅತ್ತಿಗೆಯ ಪ್ರಶ್ನೆಗೆ ಅರ್ಧ ಕಾರಣ ಅದು.

ಪೆನ್ಸಿಲ್, ರಬ್ಬರ್ ಎರಡನ್ನೂ ಮಗಳಿಗೆ ಹಿಂದಿರುಗಿಸಿ. ಸಂಘದಲ್ಲಿ ಚಲನ್ ಬರೆಯುವ ಬಾಲ್‌ಪೆನ್ ಸಾಕು. ಗೆರೆಯಿಲ್ಲದ ಒಂದು ಲಾಂಗ್‌ಬುಕ್ ಕೊಳ್ಳಿ, ಬಿಡಿ ಹಾಳೆ ಬೇಡ. ಪ್ರತಿ ಪುಟಕ್ಕೂ ತಾರೀಕು ಹಾಕಿ. ನಿಯಮ ಒಂದೇ, ಹರಿಯುವ ಹಾಗಿಲ್ಲ. ಕೆಟ್ಟದಾಗಿ ಬಂದರೆ ಪುಟ ತಿರುಗಿಸಿ. ಗಂಡನಿಗೂ ತೋರಿಸುವುದು ಬೇಡ. ಅವರು ಒಳ್ಳೆಯವರೆಂದೇ ಇಟ್ಟುಕೊಂಡರೂ ‘ಚೆನ್ನಾಗಿದೆ’ ಎನ್ನುತ್ತಾರೆ, ಆಗ ನೀವು ಮರುದಿನ ಅದೇ ‘ಚೆನ್ನಾಗಿದೆ’ಗಾಗಿ ಬರೆಯುತ್ತೀರಿ. ರಾತ್ರಿ ಹನ್ನೊಂದರ ಹೊತ್ತನ್ನೂ ಬಿಡಿ. ದಣಿದ ಕಣ್ಣು ಕಟುವಾಗಿ ನೋಡುತ್ತದೆ. ಬಸ್ಸಿಗೆ ಕಾಯುವಾಗ, ಮಧ್ಯಾಹ್ನದ ಊಟದ ನಂತರ, ಹತ್ತೇ ನಿಮಿಷ.

ಏನು ಬರೆಯುವುದು? ಸಂಘದ ಬಾಗಿಲಲ್ಲಿ ಮಳೆಗಾಲದಲ್ಲಿ ಒರಗಿಸಿಟ್ಟ ಕೊಡೆಗಳು, ಹೊರಗೆ ಬಿಟ್ಟ ಚಪ್ಪಲಿಗಳು, ಕೌಂಟರಿನ ಮೇಲಿಟ್ಟ ಕೈಗಳು. ಚಪ್ಪಲಿಯನ್ನು ನೋಡುತ್ತ, ಹಾಳೆಯ ಕಡೆ ಒಮ್ಮೆಯೂ ನೋಡದೆ, ಕಣ್ಣು ಅಂಚಿನ ಮೇಲೆ ಎಷ್ಟು ನಿಧಾನ ಹರಿಯುತ್ತದೋ ಅಷ್ಟೇ ನಿಧಾನ ಪೆನ್ನೂ ಹರಿಯುವ ಹಾಗೆ ಬರೆಯಿರಿ. ಚಿತ್ರ ವಕ್ರವಾಗಿಯೇ ಬರುತ್ತದೆ, ಬರಲಿ. ಇದು ಕಲಾಶಾಲೆಗಳಲ್ಲಿ ಹಳೆಯ ಅಭ್ಯಾಸ. ಕಣ್ಣು ‘ಚಪ್ಪಲಿ’ ಎಂದು ಹೆಸರು ಹೇಳಿ ಮುಂದೆ ಓಡುವುದನ್ನು ಇದು ತಡೆಯುತ್ತದೆ. ಬೆಟ್ಟಿ ಎಡ್ವರ್ಡ್ಸ್ ಎಂಬ ಅಮೆರಿಕದ ಶಿಕ್ಷಕಿ 1979ರ ತನ್ನ ಪುಸ್ತಕದಲ್ಲಿ ಕೊಟ್ಟ ಇನ್ನೊಂದು ಉಪಾಯವಿದೆ. ಯಾವುದಾದರೂ ರೇಖಾಚಿತ್ರವನ್ನು ತಲೆಕೆಳಗಾಗಿ ಇಟ್ಟುಕೊಂಡು, ಹಾಗೆಯೇ ತಲೆಕೆಳಗಾಗಿ ನಕಲು ಮಾಡುವುದು. ಮೂಗು, ಕಣ್ಣು ಎಂದು ಗುರುತು ಸಿಗದಿದ್ದಾಗ ಕೈ ಕಂಡದ್ದನ್ನಷ್ಟೇ ಬರೆಯುತ್ತದೆ. ಮುಗಿಸಿ ತಿರುಗಿಸಿದಾಗ ಬಹಳ ಮಂದಿ ಬೆಚ್ಚುತ್ತಾರೆ. ಮಿದುಳಿನ ಎಡ ಬಲ ಭಾಗಗಳ ಬಗ್ಗೆ ಆಕೆ ಕೊಟ್ಟ ವಿವರಣೆಯನ್ನು ಇಂದಿನ ವಿಜ್ಞಾನಿಗಳು ಅಷ್ಟಾಗಿ ಒಪ್ಪುವುದಿಲ್ಲ. ಉಪಾಯ ಮಾತ್ರ ಕೆಲಸ ಮಾಡುತ್ತದೆ.

ಹೆಗ್ಗೋಡು ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ನೀನಾಸಮ್‌ನಲ್ಲಿ ನಾಟಕವಿದ್ದಾಗ ಹಿಂದಿನ ಸಾಲಿನಲ್ಲಿ ಕೂತು, ಅರೆಗತ್ತಲೆಯಲ್ಲೇ, ನಟರ ನಿಲುವನ್ನು ನಾಲ್ಕೇ ಗೆರೆಯಲ್ಲಿ ಹಿಡಿಯಲು ನೋಡಿ. ಅವರು ನಿಲ್ಲುವುದಿಲ್ಲ, ನಿಮಗೆ ತಿದ್ದಲು ಹೊತ್ತಿರುವುದಿಲ್ಲ, ಅದೇ ಲಾಭ. ನಿಲ್ಲುವ ರೂಪ ಬೇಕಿದ್ದರೆ ಇಕ್ಕೇರಿಗೆ ಹೋಗಿ. ಅಘೋರೇಶ್ವರನ ಎದುರಿನ ಕಲ್ಲಿನ ನಂದಿ ಎಷ್ಟು ಹೊತ್ತು ನೋಡಿದರೂ ಕದಲುವುದಿಲ್ಲ. ಕೊಟ್ಟಿಗೆಯ ಹಸುವನ್ನು ಮಾತ್ರ ಸದ್ಯಕ್ಕೆ ಬಿಡಿ. ಅದು ಇನ್ನೂ ಆ ತರಗತಿಗೆ ಸೇರಿದ್ದು. ಎಂದೋ ಒಂದು ದಿನ ಯಾವ ಹಟವೂ ಇಲ್ಲದೆ ಬರೆಯಬೇಕೆನ್ನಿಸಿದರೆ ಬರೆಯಿರಿ.

ಬಣ್ಣಕ್ಕೆ ಕೈಹಾಕುವಾಗ ಒಂದು ಎಚ್ಚರ. ತೆಳು ಡ್ರಾಯಿಂಗ್ ಹಾಳೆಯ ಮೇಲೆ ಜಲವರ್ಣ ಬಳಿದರೆ ಹಾಳೆ ಅಲೆಯಲೆಯಾಗಿ ಏಳುತ್ತದೆ, ಬಣ್ಣ ತಗ್ಗಿನಲ್ಲಿ ನಿಂತು ಕಲೆಯಾಗುತ್ತದೆ. ವಿದ್ಯಾರ್ಥಿಗಳಿಗೆಂದು ಮಾರುವ ಅಗ್ಗದ ಬಣ್ಣಗಳಲ್ಲಿ ವರ್ಣದ್ರವ್ಯ ಕಡಿಮೆ, ತುಂಬುವ ಪುಡಿ ಹೆಚ್ಚು. ಎಷ್ಟೋ ಜನ ಕಾಗದದ ತಪ್ಪನ್ನು ತಮ್ಮ ಕೈಯ ತಪ್ಪೆಂದು ತಿಳಿದು ಬಿಟ್ಟುಬಿಡುತ್ತಾರೆ. ಹತ್ತು ಬಣ್ಣದ ಡಬ್ಬಿಗಿಂತ ಮೂರು ಒಳ್ಳೆಯ ಟ್ಯೂಬು, 300 ಜಿಎಸ್ಎಂ ಹತ್ತಿ ಕಾಗದದ ನಾಲ್ಕು ಹಾಳೆ ಕೊಂಡು, ಹಾಳೆಯನ್ನು ಎಂಟು ತುಂಡು ಮಾಡಿಕೊಳ್ಳಿ.

ಕೆಲಸ ಬಿಡಬೇಕೆ? ಖಂಡಿತ ಬೇಡ. ಸಂಬಳ ನಿಂತ ತಿಂಗಳಿಂದ ಪ್ರತಿ ಚಿತ್ರವೂ ‘ನನ್ನನ್ನು ಯಾರು ಕೊಳ್ಳುತ್ತಾರೆ’ ಎಂದು ಕೇಳತೊಡಗುತ್ತದೆ. ಮೇಷ್ಟ್ರ ಜಾಗಕ್ಕೆ ಗಿರಾಕಿ ಬಂದು ಕೂರುತ್ತಾನೆ. ಕೇರಳದ ಚಾವಕ್ಕಾಡಿನಿಂದ ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದ ಯೂಸುಫ್ ಅರಕ್ಕಲ್ ಎಚ್‌ಎಎಲ್‌ನಲ್ಲಿ ದುಡಿದು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು ಹೆಸರಾಂತ ಕಲಾವಿದರಾದವರು. ಅವರ ಮಟ್ಟ ನಮಗೆ ಬರಲಿ ಬಿಡಲಿ, ಸಂಬಳದ ಕೆಲಸ ಕಲೆಗೆ ಅವಮಾನವಲ್ಲ ಎಂಬುದಂತೂ ಖಚಿತ.

ಸ್ವಂತ ಬಲದಿಂದ ಬೆಳೆದ ಕಲಾವಿದ ಎಂಬ ಮಾತನ್ನೂ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಮಧ್ಯಪ್ರದೇಶದ ಝಾಬುವಾದ ಪಿಟೋಲ್ ಎಂಬ ಊರಿನ ಭೀಲ್ ಹೆಣ್ಣುಮಗಳು ಭೂರಿ ಬಾಯಿ ಭೋಪಾಲದಲ್ಲಿ ಭಾರತ ಭವನ ಕಟ್ಟುವಾಗ ಕಲ್ಲುಮಣ್ಣು ಹೊರಲು ಬಂದವರು. ಊರಿನ ಗೋಡೆಯ ಮೇಲೆ ಬರೆದು ರೂಢಿಯಿದ್ದ ಅವರ ಕೈಗೆ ಕಲಾವಿದ ಜೆ. ಸ್ವಾಮಿನಾಥನ್ ಕಾಗದ, ಬಣ್ಣ ಕೊಟ್ಟರು. ಬರೆದ ದಿನಕ್ಕೂ ಕೂಲಿ ಕೊಟ್ಟರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರತಿಭೆಯನ್ನು ಗುರುತಿಸಿದ ಕಣ್ಣನ್ನು ಎಲ್ಲರೂ ಹೊಗಳುತ್ತಾರೆ, ಕೂಲಿ ಕೊಟ್ಟದ್ದನ್ನು ಯಾರೂ ಅಷ್ಟು ಹೇಳುವುದಿಲ್ಲ. ಬರೆಯುವ ಹೊತ್ತಿಗೆ ಅನ್ನದ ವ್ಯವಸ್ಥೆ ಆಗಿತ್ತು. ನಿಮ್ಮ ಮಟ್ಟಿಗೆ ಆ ಕೂಲಿಯನ್ನು ಕೊಡುತ್ತಿರುವುದು ನಿಮ್ಮ ಸಹಕಾರ ಸಂಘ. ಅದಕ್ಕೆ ಸಂಕೋಚ ಬೇಡ. ಮನೆಯವರಿಂದ ಕೇಳಬೇಕಾದದ್ದು ಮೆಚ್ಚುಗೆಯಲ್ಲ, ಭಾನುವಾರ ಎರಡು ಗಂಟೆ ಅಡುಗೆಮನೆಯಿಂದ ಬಿಡುವು. ಅತ್ತೆಯ ಹತ್ತಿರ ನೇರವಾಗಿ ಕೇಳಿ ನೋಡಿ.

ಗುರು ಇಲ್ಲದೆಯೇ ಆಗಬೇಕೆಂಬ ಹಟವೂ ಬೇಡ. ಆರು ತಿಂಗಳ ನಂತರ, ಆ ಲಾಂಗ್‌ಬುಕ್ ತುಂಬಿದ ಮೇಲೆ, ಸಾಗರದಲ್ಲೋ ಶಿವಮೊಗ್ಗದಲ್ಲೋ ಚಿತ್ರ ಕಲಿಸುವವರೊಬ್ಬರನ್ನು ಹುಡುಕಿ. ಪುಸ್ತಕ ಮುಂದಿಟ್ಟು ಅವರೇನು ಮಾತಾಡುತ್ತಾರೆಂದು ಕೇಳಿ. ‘ಈ ಕೊಡೆಯ ಕಡ್ಡಿ ಎಲ್ಲಿಂದ ಹೊರಡುತ್ತದೆ, ಮತ್ತೆ ನೋಡಿ’ ಎಂದರೆ ಅವರ ಹತ್ತಿರ ಕಲಿಯಬಹುದು. ಮಾತು ನಿಮ್ಮ ಬಗ್ಗೆಯೇ ಶುರುವಾದರೆ, ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ನಮಸ್ಕಾರ ಹೇಳಿ ಬನ್ನಿ.

ಮಗಳ ವಿಷಯ. ‘ಇಲ್ಲ ಕಣೇ, ನೀನು ಚೆನ್ನಾಗಿ ಬರೀತೀಯ’ ಎನ್ನಬೇಡಿ. ತನ್ನ ಚಿತ್ರ ಸರಿಯಿಲ್ಲವೆಂದು ಅವಳಿಗೆ ಕಾಣುತ್ತಿದೆ, ನಿಮ್ಮ ಮಾತು ಸುಳ್ಳೆಂದೂ ಕಾಣುತ್ತದೆ. ಏನು ಸರಿ ಕಾಣಲಿಲ್ಲ ಎಂದು ಕೇಳಿ. ‘ಕೈ ಬರಲ್ಲ’ ಎಂದರೆ ಇಬ್ಬರೂ ಕೂತು ಎದುರುಬದುರಾಗಿ ಒಬ್ಬರ ಕೈಯನ್ನೊಬ್ಬರು ಬರೆಯಿರಿ. ನಿಮ್ಮದೂ ಅವಳದರಷ್ಟೇ ವಕ್ರವಾಗಿ ಬರುವುದನ್ನು ಅವಳು ನೋಡಲಿ.

ಹರಿದ ಮೇಲೆ ನಿದ್ದೆ ಬರುವುದಿಲ್ಲ ಎಂದಿದ್ದೀರಿ. ಇದು ಚಿತ್ರ ಬರೆದ ದಿನಗಳಿಗಷ್ಟೇ ಸೀಮಿತವಾಗಿದ್ದರೆ ಮೇಲಿನ ಬದಲಾವಣೆಗಳಿಂದ ತಗ್ಗಬೇಕು. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಬೇರೆ ಕೆಲಸಗಳಲ್ಲೂ ‘ನಾನು ಯಾವುದಕ್ಕೂ ಬಾರದವಳು’ ಎನ್ನಿಸುತ್ತಿದ್ದರೆ ಅದಕ್ಕೆ ಬೇರೆಯೇ ಆರೈಕೆ ಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಚಿತ್ರಸಂತೆ. ಕೂರಬಹುದು, ಆದರೆ ಈ ವರ್ಷ ಬೇಡ. ಜನವರಿಯಲ್ಲಿ ಸಂತೆ ನಡೆಯುವ ಭಾನುವಾರ ನೋಡಲು ಹೋಗಿ. ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತೀರಿ. ಕುಮಾರಕೃಪಾ ರಸ್ತೆಯುದ್ದಕ್ಕೂ ಚಿತ್ರಕಾರರು ತಮ್ಮ ಚಿತ್ರದ ಪಕ್ಕದಲ್ಲೇ ಕೂತಿರುತ್ತಾರೆ. ಕಲಾಶಾಲೆಯವರೂ ಇರುತ್ತಾರೆ, ನಿಮ್ಮ ಹಾಗೆ ಬೇರೆ ನೌಕರಿಯಲ್ಲಿದ್ದುಕೊಂಡು ಬರೆಯುವವರೂ ಇರುತ್ತಾರೆ. ಥೇಟ್ ಫೋಟೋದಂಥ ಮುಖಗಳು ಅಲ್ಲಿ ಬಹಳ ಕಾಣಸಿಗುತ್ತವೆ. ಅವುಗಳ ಮುಂದೆ ನೀವು ಎಷ್ಟು ಹೊತ್ತು ನಿಲ್ಲುತ್ತೀರಿ, ಬೇರೆ ಯಾವುದರ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ ಎಂದು ಗಮನಿಸಿ. ಬೆಲೆ ಕೇಳಲು, ಯಾವ ಕಾಗದ, ಯಾವ ಬಣ್ಣ ಎಂದು ವಿಚಾರಿಸಲು ನಾಚಬೇಡಿ, ಬೆಳಗಿನ ಹೊತ್ತು ಜನ ಕಡಿಮೆ ಇದ್ದಾಗ ಅವರೂ ಮಾತಿಗೆ ಸಿಗುತ್ತಾರೆ. ಮಗಳನ್ನೂ ಕರೆದುಕೊಂಡು ಹೋಗುವುದಾದರೆ ಇಬ್ಬರಿಗೂ ಒಂದೊಂದು ಪುಸ್ತಕ, ಒಂದೊಂದು ಪೆನ್ನು ಇರಲಿ. ಮಧ್ಯಾಹ್ನದ ಮೇಲೆ ಆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಊಟ ಬೇಗ ಮುಗಿಸಿಕೊಳ್ಳಿ.